ಮೊದಲಿಂದ ಅನ್ನೋ ಮಾತು

ನಮ್ಮ ಕೌಂಟರಿನ ಸಾರ್ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಎರಡು ದಿನ ತಡವಾಗಿ, ಬೊಮ್ಮಸಂದ್ರದ ಬಸ್ ಸ್ಟಾಪಿನಲ್ಲಿ. ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ಅಕ್ಕಾ, ನಿಮ್ಮ ಸಾರ್ ಹೋಗ್ಬಿಟ್ರಂತೆ, ಗೊತ್ತಾಯ್ತಾ?" ಅಂದಳು. "ಎಲ್ಲಿಗೆ?" ಅಂದೆ ನಾನು. ಎಂಥಾ ಪೆದ್ದು ಪ್ರಶ್ನೆ ನೋಡಿ. ಅವಳು ಹೆಲ್ಮೆಟ್ ಮತ್ತೆ ಹಾಕಿಕೊಂಡಳು. ಬಸ್ಸು ಬಂತು, ಹತ್ತಿ ಕೂತೆ. ಕಂಡಕ್ಟರ್ ಎರಡು ಸಲ ಆಧಾರ್ ಕೇಳಿದ ಮೇಲೆ ಬ್ಯಾಗಿಗೆ ಕೈ ಹಾಕಿದೆ.

ಅವರ ಹೆಸರು ಬರೆಯಲ್ಲ. ಆಸ್ಪತ್ರೆಯ ಹೆಸರನ್ನೂ ಬರೆಯಲ್ಲ. ಬರೆದರೆ ನಾಳೆ ಬೆಳಿಗ್ಗೆ ಮ್ಯಾನೇಜರು ನನ್ನನ್ನು ಒಳಗೆ ಕರೆಸುತ್ತಾರೆ, ನನಗಿನ್ನೂ ಆ ಕೆಲಸ ಬೇಕು. ಇದು ಧೈರ್ಯವಂತರ ಮಾತಲ್ಲ ಅಂತ ನನಗೂ ಗೊತ್ತು.

ಹೊಸೂರು ರಸ್ತೆಯಿಂದ ಒಳಗೆ, ಫ್ಯಾಕ್ಟರಿಗಳ ನಡುವೆ ಇರುವ ಖಾಸಗಿ ಆಸ್ಪತ್ರೆ ನಮ್ಮದು. ಅದರ ಇನ್ಶೂರೆನ್ಸ್ ಕೌಂಟರಿಗೆ ನಾನು ಸೇರಿದಾಗ ಅವರು ಅಲ್ಲಿ ಆಗಲೇ ಹಳೇ ಹುಲಿ. ಐವತ್ತು ದಾಟಿತ್ತು. ಕೂದಲಿಗೆ ಕಪ್ಪು ಬಣ್ಣ, ಅದೂ ಕಿವಿಯ ಮೇಲೆಲ್ಲ ಹತ್ತಿರುತ್ತಿತ್ತು. ಅದನ್ನ ಯಾರಾದರೂ ಹೇಳಿದರೆ ಒಂದು ವಾರ ಮಾತು ಬಿಡುವಷ್ಟು ಸಿಟ್ಟು. ಜೇಬಲ್ಲಿ ಎರಡು ಪೆನ್ನು, ಸಾಯಲಿ, ಒಂದನ್ನೂ ಯಾರಿಗೂ ಕೊಡುತ್ತಿರಲಿಲ್ಲ. "ಪೆನ್ನು ಹೆಂಡ್ತಿ ಥರ ಅಂತಾರಲ್ಲ, ಆ ಹಳೇ ಜೋಕು ಹೇಳ್ಬೇಡ. ನನ್ನ ಪೆನ್ನು ನನಗೆ ಬೇಕು, ಅಷ್ಟೆ" ಅನ್ನುತ್ತಿದ್ದರು. ಮಧ್ಯಾಹ್ನ ಚಿತ್ರಾನ್ನ ತಿಂದು, ಡಬ್ಬಿ ತೊಳೆದು ಬಂದು, ಕುರ್ಚಿಯಲ್ಲೇ ಹತ್ತು ನಿಮಿಷ ಗೊರಕೆ. ಮನುಷ್ಯ ಸುಲಭದವರಲ್ಲ. ನಾನು ಮೊದಲ ತಿಂಗಳಲ್ಲೇ ಎರಡು ಸಲ ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದೇನೆ.

ಆದರೆ ಒಂದು ಅಭ್ಯಾಸ ಇತ್ತು. ರೋಗಿಯ ಕಡೆಯವರು ಯಾರು ಬಂದರೂ ಎದ್ದು ನಿಲ್ಲುತ್ತಿದ್ದರು. ನಮ್ಮ ಕೌಂಟರಿನ ಆಚೆ ಬದಿಯಲ್ಲಿ ಕುರ್ಚಿ ಇಲ್ಲ, ಬಂದವರು ನಿಂತೇ ಮಾತಾಡಬೇಕು. ಕುರ್ಚಿ ಹಾಕಿಸಿ ಅಂತ ಬರೆದು ಬರೆದು ಸಾಕಾಗಿ, ಕೊನೆಗೆ ತಾವೇ ನಿಲ್ಲಲು ಶುರುಮಾಡಿದ್ದರಂತೆ. "ನಿಂತೋರ ಹತ್ರ ಕೂತು ಮಾತಾಡಿದ್ರೆ ನಮ್ಗೆ ನಾವೇ ತಹಸೀಲ್ದಾರ್ ಅನ್ಸುತ್ತೆ ಕಣಮ್ಮ." ಸಂಜೆ ಹೊತ್ತಿಗೆ ಅವರ ಕಾಲು ಊದಿರುತ್ತಿತ್ತು. ಸಕ್ಕರೆ ಕಾಯಿಲೆ ಬೇರೆ. ನಾನು ಕೂತೇ ಇರುತ್ತಿದ್ದೆ.

ಅವರ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕ್ವಾರ್ಟರ್ಸಿನಲ್ಲಿ ಬೆಳೆದದ್ದು. ಆ ಕಾರ್ಖಾನೆಗೆ ಸ್ವಂತ ಆಸ್ಪತ್ರೆ ಇತ್ತು. ಅದರ ಕಥೆಯನ್ನು ನಾನು ನೂರು ಸಲ ಕೇಳಿರಬೇಕು. "ಜನರಲ್ ಮ್ಯಾನೇಜರ್ ಮಗನೂ ನಾನೂ ಒಂದೇ ಬೆಂಚಲ್ಲಿ ಕೂರೋದು. ಅವನಿಗೂ ಅದೇ ಕೆಂಪು ಔಷಧಿ, ನನಗೂ ಅದೇ ಕೆಂಪು ಔಷಧಿ. ಕಾಂಪೌಂಡರ್ ನಮ್ಮಿಬ್ರಿಗೂ ಒಂದೇ ಥರ ಬೈತಿದ್ದ." ಇವರು ಕೆಲಸಕ್ಕೆ ಸೇರುವ ವಯಸ್ಸಿಗೆ ಕಾರ್ಖಾನೆಯಲ್ಲಿ ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲಿಸಿದ್ದರು. ಮೆಡಿಕಲ್ ಶಾಪಿನಲ್ಲಿ ಬಿಲ್ಲು ಬರೆಯುತ್ತ ಬರೆಯುತ್ತ ಇಲ್ಲಿಗೆ ಬಂದು ಬಿದ್ದವರು. ಆ ಕೆಂಪು ಔಷಧಿಯನ್ನು ಮಾತ್ರ ಬಿಡಲಿಲ್ಲ.

ಅವರ ವಾದ ಒಂದೇ. ಇಡೀ ದೇಶಕ್ಕೆ ಒಂದೇ ಕಾರ್ಡು ಇರಬೇಕು, ಅದರಲ್ಲಿ ಯಾರಿಗೂ ಲಾಭ ಇರಬಾರದು. "ಈಗ ನೋಡು, ಫ್ಯಾಕ್ಟರಿಯವ್ರಿಗೊಂದು ಕಾರ್ಡು, ಬಡವ್ರಿಗೊಂದು ಕಾರ್ಡು, ಸಾಫ್ಟ್‌ವೇರ್‌ನವ್ರಿಗೊಂದು ಕಾರ್ಡು. ಈ ಕಾರ್ಡುಗಳ ಸಂದೀಲಿ ಬಿದ್ದೋರೆಲ್ಲ ಎಲ್ಲಿಗೆ ಬರ್ತಾರೆ? ನಮ್ಮ ಕೌಂಟರಿಗೆ. ನಾವೇನ್ಮಾಡ್ತೀವಿ? ಇಲ್ಲ ಅಂತೀವಿ. ಲಾಭ ಇರೋ ಕಡೆ ಇಲ್ಲ ಅನ್ನೋಕೂ ಒಬ್ಬನ್ನ ಸಂಬಳ ಕೊಟ್ಟು ಇಟ್ಕೋತಾರೆ. ಅದು ನಾನು. ಈಗ ನೀನೂ ಸೇರ್ಕೊಂಡೆ."

ನನಗೆ ಮೈ ಉರಿಯುತ್ತಿತ್ತು. ನಾನೂ ಸುಮ್ಮನಿರುವ ಪೈಕಿ ಅಲ್ಲ. "ಸಾರ್, ನಮ್ಮಣ್ಣನಿಗೆ ಫ್ಯಾಕ್ಟರಿ ಕಾರ್ಡಿದೆ. ಬೆಳಿಗ್ಗೆ ಆರಕ್ಕೆ ಹೋಗಿ ಟೋಕನ್ ತಗೊಂಡ್ರೆ ಮಧ್ಯಾಹ್ನ ಡಾಕ್ಟ್ರು ಊಟಕ್ಕೆ ಹೋಗಿರ್ತಾರೆ. ಒಂದು ದಿನದ ಸಂಬಳ ಕಟ್. ಎಲ್ಲಾರಿಗೂ ಅಂದ್ರೆ ಯಾರಿಗೂ ಇಲ್ಲ ಅಂತಾನೇ ಅರ್ಥ" ಅನ್ನುತ್ತಿದ್ದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಅಂತಲೂ ಅನ್ನುತ್ತಿದ್ದೆ. ಅವರು ನಕ್ಕರೆ ಸದ್ದೇ ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. "ಬಿಟ್ಟಿ ಎಲ್ಲಿಂದ ಬಂತಮ್ಮ? ನೀನು ಸೋಪು ತಗೊಂಡ್ರೂ ಟ್ಯಾಕ್ಸ್ ಕಟ್ತೀಯ. ಟೋಕನ್ನಿನ ಮಾತು ಒಪ್ಕೋತೀನಿ. ಅದು ನಿಜ. ಆ ಸಾಲಲ್ಲಿ ಎಮ್ಮೆಲ್ಲೆ ಹೆಂಡ್ತೀನೂ ನಿಲ್ಲೋ ಹಂಗಾದ್ರೆ ಡಾಕ್ಟ್ರು ಊಟಕ್ಕೆ ಅಷ್ಟು ಹೊತ್ತು ಹೋಗ್ತಾರಾ, ಹೇಳು?" ನಾನು ಫಾರಂಗಳನ್ನು ಟಪ್ಪೆಂದು ಜೋಡಿಸಿಡುತ್ತಿದ್ದೆ. ಅವರು ಅರ್ಧ ಒಪ್ಪಿಕೊಂಡಿದ್ದಕ್ಕೆ ಇನ್ನೂ ಸಿಟ್ಟು.

ಕೆಲಸ ಹೇಳಿಕೊಟ್ಟವರು ಅವರೇ. ಕ್ಯಾಶ್‌ಲೆಸ್ ಫಾರಂ ಅಂದರೆ ರೋಗಿಯ ಖರ್ಚನ್ನು ಇನ್ಶೂರೆನ್ಸ್ ಕಂಪನಿಯೇ ನೇರ ಕಟ್ಟಲಿ ಅಂತ ಕೇಳುವ ಅರ್ಜಿ. ಡಾಕ್ಟರು ಸಹಿ ಹಾಕುತ್ತಾರೆ, ತುಂಬುವವರು ನಾವು. ಅದರಲ್ಲಿ ಒಂದು ಸಾಲಿದೆ, ಈ ತೊಂದರೆ ಎಷ್ಟು ಸಮಯದಿಂದ ಇದೆ ಅಂತ. ಪಾಲಿಸಿ ಮಾಡಿಸುವ ಮೊದಲೇ ಕಾಯಿಲೆ ಇತ್ತು ಅಂತ ಆ ಸಾಲಿನಲ್ಲಿ ಕಂಡರೆ ಕಂಪನಿಯವರು ಅಲ್ಲಿಗೇ ಮುಗಿಸುತ್ತಾರೆ. ನಾನು ಸೇರಿದ ಎರಡನೇ ದಿನವೋ ಮೂರನೇ ದಿನವೋ ಅವರು ನನ್ನ ಕೈಯಿಂದ ಫಾರಂ ಕಿತ್ತುಕೊಂಡು ಹೇಳಿದರು:

"ಯಾವಾಗಿಂದ ಇದೆ ಅಂತ ಯಾವತ್ತೂ ಕೇಳ್ಬೇಡ. ಯಾವಾಗ ಜಾಸ್ತಿ ಆಯ್ತು ಅಂತ ಕೇಳು."

"ಅಂದ್ರೆ ಸುಳ್ಳು ಬರೀಬೇಕಾ ಸಾರ್?"

"ಸುಳ್ಳು ಬರೆಯೋ ಹಾಗಿದ್ರೆ ನಿನಗ್ಯಾಕೆ ಹೇಳಿಕೊಡ್ಲಿ, ನಾನೇ ಬರ್ಕೋತೀನಿ. ನಮ್ಮ ಜನಕ್ಕೆ ಕಾಯಿಲೆ ಹೇಳ್ಕೊಳ್ಳೋಕೆ ನಾಚಿಕೆ. ಮೊನ್ನೆ ಬಂತು ಅಂದ್ರೆ ಇಷ್ಟಕ್ಕೇ ಆಸ್ಪತ್ರೆಗೆ ಓಡಿಬಂದ್ರಾ ಅಂತ ನಾವು ಅನ್ಕೋತೀವೇನೋ ಅಂತ ಭಯ. ಅದಕ್ಕೇ ಮೊದ್ಲಿಂದಾನೂ ಇದೆ ಸಾರ್, ದೊಡ್ಡದೇನಲ್ಲ ಅಂತಾರೆ. ಆ ಕಡೆ ಕಂಪನೀಲಿ ಕೂತಿರೋನು ಅದನ್ನ ಇಸವಿ ಲೆಕ್ಕದಲ್ಲಿ ಓದ್ತಾನೆ. ಅವ್ರು ಹೇಳಿದ್ದೊಂದು, ಇವ್ನು ಓದಿದ್ದೊಂದು. ಮಧ್ಯದಲ್ಲಿ ಬರೆಯೋಳು ನೀನು."

ಅವರು ಹೇಳಿದಂತೆಯೇ ಕೇಳುತ್ತ ಬಂದೆ. ಜನ ಯಾವಾಗ ಜಾಸ್ತಿ ಆಯಿತು ಅನ್ನುವುದನ್ನು ಸರಿಯಾಗಿಯೇ ಹೇಳುತ್ತಿದ್ದರು. ಹಬ್ಬದ ಹಿಂದಿನ ದಿನ, ನೈಟ್ ಶಿಫ್ಟ್ ಮುಗಿಸಿ ಬರುವಾಗ, ಮಗಳನ್ನು ಸ್ಕೂಲಿಗೆ ಬಿಟ್ಟು ಮೆಟ್ಟಿಲು ಹತ್ತುವಾಗ. ಫಾರಂಗಳು ಪಾಸಾಗುತ್ತಿದ್ದವು. ಆದರೂ ನನ್ನೊಳಗೆ ಒಂದು ಕಿರಿಕಿರಿ. ಇದು ಸಾಚಾ ಕೆಲಸವಾ, ಮೋಸವಾ ಅಂತ.

ಒಂದು ಶುಕ್ರವಾರ ನಮಗೆ ಜೋರಾಗಿಯೇ ಜಗಳವಾಯಿತು. ಅದೇ ಹಳೇ ವಿಷಯ. ನಾನು, "ಎಲ್ಲಾ ಧರ್ಮಕ್ಕೆ ಮಾಡಿದ್ರೆ ಈ ಆಸ್ಪತ್ರೆ ಮುಚ್ಕೊಂಡು ಹೋಗುತ್ತೆ, ಆಮೇಲೆ ನಿಮ್ಗೂ ಇಲ್ಲ, ನಂಗೂ ಇಲ್ಲ. ಕಂಪನಿಯವ್ರೂ ನಿಯಮ ಅಂತ ಮಾಡಿರ್ತಾರಲ್ವಾ?" ಅಂದೆ. ಅವರು ಫೈಲು ಮುಚ್ಚಿಟ್ಟು, "ನೀನು ಕಂಪನಿಯವ್ರಿಗಿಂತ ದೊಡ್ಡ ಕಂಪನಿ ಆಗ್ಬಿಟ್ಟೆ ಕಣಮ್ಮ" ಅಂದರು. ನರ್ಸುಗಳ ಎದುರಿಗೆ. ಚುಚ್ಚಿತು. ಮಾರನೇ ದಿನ ಅಣ್ಣನ ಮಗಳ ನಿಶ್ಚಿತಾರ್ಥ ಅಂತ ಅವರು ತುಮಕೂರಿಗೆ ಹೋದರು. ಕೌಂಟರಿನಲ್ಲಿ ನಾನೊಬ್ಬಳೇ.

ಅವತ್ತೇ ಶರಣವ್ವ ಬಂದಿದ್ದು.

ಕುಷ್ಟಗಿ ಕಡೆಯವಳು. ಮೂವತ್ತೈದು ಇದ್ದೀತು. ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಮೆಟ್ಟಿಲು ಒರೆಸುವ ಕೆಲಸ. ಗಂಡ ಯಮನೂರಪ್ಪ ಸೆಂಟ್ರಿಂಗ್ ಕೆಲಸದವನು. ಬೊಮ್ಮಸಂದ್ರದ ಹಿಂದೆ ತಗಡಿನ ರೂಮಿನಲ್ಲಿ ಬಾಡಿಗೆಗಿದ್ದರು. ಹೃದಯದ ಒಂದು ಕವಾಟ ಕೆಟ್ಟಿದೆ, ಬೇಗ ಆಪರೇಷನ್ ಆಗಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದರು. ಅದೃಷ್ಟಕ್ಕೆ ಆ ಅಪಾರ್ಟ್‌ಮೆಂಟಿನವರು ಕೆಲಸದ ಹೆಂಗಸರಿಗೆಲ್ಲ ಸೇರಿಸಿ ಆ ವರ್ಷವಷ್ಟೇ ಒಂದು ಪಾಲಿಸಿ ಮಾಡಿಸಿದ್ದರು. ಅದು ಬಿಟ್ಟರೆ ಅವಳಿಗೆ ಬೇರೆ ಗತಿ ಇರಲಿಲ್ಲ. ಊರಿನ ರೇಷನ್ ಕಾರ್ಡಿನಿಂದ ಇವರಿಬ್ಬರ ಹೆಸರು ಯಾವಾಗಲೋ ಹಾರಿಹೋಗಿತ್ತು. ಫಾರಂ ಪಾಸಾದರೆ ಆಪರೇಷನ್. ಇಲ್ಲದಿದ್ದರೆ ಇಲ್ಲ.

ನಾನು ಕೂತೇ ಕೇಳಿದೆ, "ಯಾವಾಗಿಂದ ಇದೆ?"

ಹೌದು, ಬೇಕಂತಲೇ ಹಾಗೆ ಕೇಳಿದೆ. ಸಾರ್ ಹೇಳಿಕೊಟ್ಟ ಹಾಗೆ ನಾನ್ಯಾಕೆ ಕೇಳಬೇಕು, ಇದ್ದದ್ದನ್ನು ಇದ್ದ ಹಾಗೆ ಬರೀತೀನಿ ಅನ್ನುವ ಹಟ.

ಶರಣವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಉಸಿರು ಸಾಲುತ್ತಿರಲಿಲ್ಲ, ಆದರೂ ನಕ್ಕಳು. "ಮೊದ್ಲಿಂದ ಐತ್ರಿ ಅಕ್ಕಾರ. ಅಂಥಾದ್ದೇನಿಲ್ರಿ."

"ಮೊದಲಿಂದ ಇದೆ ಅಂತ ಬರ್ಕೋತೀನಿ. ಸರಿನಾ?"

"ಹೂಂ ರಿ, ಬರಕೋರಿ" ಅಂದ ಗಂಡ. ಅವನಿಗೆ ಸಮಾಧಾನವಾಗಿತ್ತು. ಇಂಗ್ಲಿಷಿನಲ್ಲಿ ನೀಟಾಗಿ ಬರೆದು, ಕನ್ನಡದಲ್ಲಿ ಓದಿ ಹೇಳಿದೆ. ಸಾಲು ಓರೆಯಾಗಲಿಲ್ಲ. ಡಾಕ್ಟರು ಓದದೇ ಸಹಿ ಹಾಕಿದರು. ಕಳಿಸಿಬಿಟ್ಟೆ.

ಸೋಮವಾರ ಸಾರ್ ಬರುವ ಹೊತ್ತಿಗೆ ತಿರಸ್ಕಾರದ ಮೇಲ್ ಬಂದಿತ್ತು. ಕಾಯಿಲೆ ಪಾಲಿಸಿಗಿಂತ ಮೊದಲೇ ಗೊತ್ತಿತ್ತು, ಮುಚ್ಚಿಟ್ಟಿದ್ದಾರೆ ಅಂತ. ಅವರು ಓದಿದರು. ಫಾರಮ್ಮಿನ ಪ್ರತಿ ತೆಗೆಸಿ ಆ ಸಾಲನ್ನು ಬೆರಳಿಟ್ಟು ಓದಿದರು. ನನ್ನ ಕಡೆ ತಿರುಗಲಿಲ್ಲ. "ಗೊತ್ತೇ ಇಲ್ಲದ ಕಾಯಿಲೇನ ಮುಚ್ಚಿಟ್ಲಂತೆ! ಅವ್ಳ ಎದೆ ಮೇಲೆ ಇದುವರೆಗೂ ಯಾರಾದ್ರೂ ಸ್ಟೆತಸ್ಕೋಪ್ ಇಟ್ಟಿದ್ರಾ?" ಅಂತ ಗೋಡೆಗೆ ಹೇಳಿದರು. ಅವತ್ತು ಅವರು ಚಿತ್ರಾನ್ನದ ಡಬ್ಬಿ ತೆಗೆಯಲಿಲ್ಲ. ನನಗೂ ಊಟ ಸೇರಲಿಲ್ಲ, ಆದರೆ ನಾನು ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ.

ಆಮೇಲೆ ಅವರು ಮಾಡಿದ ಕೆಲಸ ನಮ್ಮ ಆಸ್ಪತ್ರೆಯಲ್ಲಿ ಮೊದಲು ಯಾರೂ ಮಾಡಿದ್ದಲ್ಲ. ಆಸ್ಪತ್ರೆಯ ಲೆಟರ್‌ಹೆಡ್ಡಿನ ಮೇಲೆ ಕಂಪನಿಗೆ ಎರಡು ಪುಟದ ಕಾಗದ ಬರೆದರು, ಬರೀ ಆ ಒಂದು ಪದದ ಬಗ್ಗೆ. ಕೊಪ್ಪಳದ ಕಡೆಯ ಕೂಲಿ ಹೆಂಗಸು ಮೊದಲಿಂದ ಅಂದರೆ ಅದು ತಾರೀಖಲ್ಲ, ಕೇಳಿದವರು ಗಾಬರಿ ಆಗಬಾರದು ಅಂತ ಹೇಳುವ ಮಾತು, ತನ್ನಿಂದ ಯಾರಿಗೂ ತೊಂದರೆ ಬೇಡ ಅನ್ನುವ ಮಾತು, ಅದನ್ನು ವೈದ್ಯಕೀಯ ಇತಿಹಾಸ ಅಂತ ಓದುವುದು ಅನ್ಯಾಯ ಅಂತ. ಕಳಿಸುವ ಮೊದಲು ನನಗೆ ಕೊಟ್ಟು, "ಇಂಗ್ಲಿಷ್ ನೋಡು" ಅಂದರು. ಎರಡು ಸ್ಪೆಲ್ಲಿಂಗ್ ತಿದ್ದಿ ವಾಪಸ್ ಕೊಟ್ಟೆ. ಫಾರಂ ಬರೆದವಳು ಹೊಸಬಳು, ತಪ್ಪು ಅವಳದು ಅಂತ ಒಂದು ಸಾಲು ಸೇರಿಸಿದ್ದರೆ ಕಾಗದಕ್ಕೆ ಬಲ ಬರುತ್ತಿತ್ತೋ ಏನೋ. ಅದನ್ನು ಅವರು ಬರೆದಿರಲಿಲ್ಲ.

ಕಂಪನಿಯವರು ಅವರಿಗೆ ಉತ್ತರ ಬರೆಯಲಿಲ್ಲ, ನೇರ ಮ್ಯಾನೇಜರಿಗೆ ಫೋನ್ ಮಾಡಿದರು. ಮ್ಯಾನೇಜರು ಕೆಟ್ಟವರಲ್ಲ. ಆದರೆ ಕಂಪನಿ ತನ್ನ ಆಸ್ಪತ್ರೆಗಳ ಪಟ್ಟಿಯಿಂದ ನಮ್ಮನ್ನು ತೆಗೆದರೆ ಅರ್ಧ ವಾರ್ಡು ಖಾಲಿ ಅಂತ ಅವರಿಗೂ ಭಯ. ಇಬ್ಬರನ್ನೂ ಕರೆಸಿ, "ಈ ಫಾರಂ ತುಂಬಿದ್ದು ಯಾರು?" ಅಂದರು. ಸಾರ್, "ಕೌಂಟರ್ ನಂದು ಸಾರ್" ಅಂದರು. ಅಷ್ಟೆ. "ಲೆಟರ್‌ಹೆಡ್ ಮುಟ್ಟೋಕೆ ಹೇಳಿದ್ದು ಯಾರು?" ಅಂದರೆ ಅದಕ್ಕೂ ಅದೇ ಉತ್ತರ. ಮುಂದಿನ ತಿಂಗಳಿಂದ ಬರುವುದು ಬೇಡ ಅಂದರು ಮ್ಯಾನೇಜರು. ಸಾರ್ ಜೇಬಿನ ಎರಡು ಪೆನ್ನು ಮುಟ್ಟಿ ನೋಡಿಕೊಂಡು ಹೊರಗೆ ಬಂದರು.

ಕೊನೇ ದಿನ ನಾನು ಧೈರ್ಯ ಮಾಡಿ ಕೇಳಿದೆ, "ನನ್ಮೇಲೆ ಕೋಪ ಇಲ್ವಾ ಸಾರ್?"

"ಇದೆ" ಅಂದರು. ಇಲ್ಲ ಅನ್ನುತ್ತಾರೆ ಅಂತ ಕಾದಿದ್ದೆ ನೋಡಿ, ನನ್ನ ಮುಖಕ್ಕಿಷ್ಟು. "ಇದೆ ಕಣಮ್ಮ, ಯಾಕಿಲ್ಲ? ಆದ್ರೆ ನಿನ್ನ ಮೇಲೆ ಇಷ್ಟೇ ಇಷ್ಟು ಕೋಪ ಮಾಡ್ಕೊಂಡ್ರೆ ಮಿಕ್ಕಿದ್ದನ್ನ ಯಾರ ಮೇಲೆ ಮಾಡ್ಕೊಳ್ಳೋದು ಅಂತ ಗೊತ್ತಾಗ್ತಿಲ್ಲ. ಒಂದು ಹೆಂಗ್ಸಿನ ಜೀವ ಒಂದು ಪದದ ಮೇಲೆ ನಿಂತಿದೆ ಅಂದ್ರೆ ತಪ್ಪು ಬರೀ ಬರೆದೋಳದಾ?" ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಅವರು ಶರಣವ್ವನನ್ನು ಬಿಡಲಿಲ್ಲ. ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗಿ ಚೀಟಿ ಮಾಡಿಸಿದರು. ಅಲ್ಲಿ ಆಪರೇಷನ್ನಿಗೆ ಸರದಿ. ಒಳ್ಳೆಯ ಡಾಕ್ಟರುಗಳೇ, ಆದರೆ ಸಾಲು ದೊಡ್ಡದು. ಏಳು ತಿಂಗಳ ನಂತರದ ತಾರೀಖು ಕೊಟ್ಟರು. ಈ ಮಧ್ಯೆ ಸಾರ್ ಸಿಂಗಸಂದ್ರದ ಒಂದು ಮೆಡಿಕಲ್ ಶಾಪಿನಲ್ಲಿ ಮತ್ತೆ ಬಿಲ್ಲು ಬರೆಯಲು ಸೇರಿದ್ದರು. ನಾನೊಮ್ಮೆ ಮಾತ್ರೆ ತೆಗೆದುಕೊಳ್ಳುವ ನೆಪದಲ್ಲಿ ಹೋದೆ. "ತಾರೀಖು ಸಿಕ್ತು. ನೀನು ಹೇಳ್ತಿದ್ದೆಯಲ್ಲ ಟೋಕನ್ನು, ಅದು. ಅರ್ಧ ನೀನು ಹೇಳಿದ್ದೇ ಸರಿ" ಅಂದರು. ಗೆದ್ದೆ ಅಂತ ಅನ್ನಿಸಬೇಕಿತ್ತಲ್ಲ, ಅಂಗಡಿಯ ಮುಂದೆ ನಿಂತು ಅಳು ಬಂತು.

ಶರಣವ್ವ ಐದನೇ ತಿಂಗಳಲ್ಲಿ ಹೋದಳು. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಮೆಟ್ಟಿಲಲ್ಲಿ ಬಕೆಟ್ ಹಿಡಿದು ಕೂತವಳು ಏಳಲಿಲ್ಲವಂತೆ. ಕೆಲಸ ಬಿಟ್ಟರೆ ಪಾಲಿಸಿಯೂ ಹೋಗುತ್ತೆ ಅಂತ ಅವಳಿಗೆ ಯಾರೋ ಹೇಳಿದ್ದರು, ಅದಕ್ಕೇ ಬಿಟ್ಟಿರಲಿಲ್ಲ. ಫೋನ್ ಮಾಡಿ ಹೇಳಿದವರು ಸಾರ್. "ಹೋದ್ಳು ಕಣಮ್ಮ" ಅಂದರು, ನಾನು ಹಲೋ ಹಲೋ ಅನ್ನುತ್ತಿದ್ದಂತೆ ಇಟ್ಟುಬಿಟ್ಟರು. ಅದೇ ಕೊನೇ ಮಾತು. ಆಮೇಲೆ ಅವರು ಫೋನ್ ಮಾಡಲಿಲ್ಲ, ನನಗೆ ಮಾಡುವ ಮುಖವಿರಲಿಲ್ಲ. ಸಿಂಗಸಂದ್ರದಲ್ಲಿ ಆ ಬೀದಿ ತಪ್ಪಿಸಿ ಆಚೆ ಬೀದಿಯಲ್ಲಿ ಹೋಗುತ್ತಿದ್ದೆ.

ಸಾರ್ ಅವರ ಹನ್ನೊಂದನೇ ದಿನದ ಕಾರ್ಯಕ್ಕೆ ಮಾತ್ರ ಹೋದೆ. ಹೋಗದಿದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತ್ತು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದು ಕೂರಿಸಿದರು. "ಎದೆ ಉರಿ ಅಂತಿದ್ರು ಕಣಮ್ಮ. ಮೂರು ತಿಂಗಳಿಂದ. ಗ್ಯಾಸ್ಟ್ರಿಕ್ಕು ಅಂತ ಅಂಗಡಿಯಿಂದ ತಾವೇ ಮಾತ್ರೆ ತಂದ್ಕೊಂಡು ನುಂಗೋರು. ತೋರಿಸ್ಕೊಳ್ಳಿ ಅಂದ್ರೆ, ಆಸ್ಪತ್ರೆ ಬಿಟ್ಮೇಲೆ ನಮ್ಗೆಲ್ಲೇ ಇದೆ ಇನ್ಶೂರೆನ್ಸು, ಶುಗರ್ ಇರೋನಿಗೆ ಯಾರು ಕೊಡ್ತಾರೆ ಅನ್ನೋರು. ಊರವ್ರಿಗೆಲ್ಲ ಫಾರಂ ತುಂಬಿ ಕೊಟ್ರು. ತಮ್ದು ಒಂದೂ ತುಂಬ್ಲಿಲ್ಲ." ಅವರು ಅಳಲಿಲ್ಲ. ನಾನೇ ಅತ್ತೆ, ಅವರು ನನ್ನ ಬೆನ್ನು ಸವರಿದರು. ಯಾರು ಯಾರಿಗೆ ಸಮಾಧಾನ ಹೇಳಬೇಕಿತ್ತು!

ಹೊರಗೆ ಶಾಮಿಯಾನದ ಕೆಳಗೆ ಒಬ್ಬ ಆಳು ಕುರ್ಚಿ ಜೋಡಿಸುತ್ತಿದ್ದ. ಅಡುಗೆಯವರಿಗೆ ನೀರು ಹೊತ್ತು ಕೊಡುತ್ತಿದ್ದ. ಕೂಲಿಗೆ ಬಂದವನು ಅಂದುಕೊಂಡೆ. ಅವನು ನನ್ನನ್ನು ನೋಡಿದವನೇ ಕೊಡ ಕೆಳಗಿಟ್ಟು, ಕೈ ಒರೆಸಿಕೊಂಡು, ಹತ್ತಿರ ಬಂದ. ಯಮನೂರಪ್ಪ. ಗಡ್ಡ ಬೆಳೆದಿತ್ತು. ಸಾರ್ ಹೋದ ದಿನದಿಂದ ಕೆಲಸಕ್ಕೆ ಹೋಗದೆ ಅಲ್ಲೇ ಇದ್ದಾನಂತೆ.

"ಅಕ್ಕಾರ, ಆರಾಮ ಅದೀರಿ?" ಅಂದ. ನಾನು ತಲೆಯಾಡಿಸಿದೆ. ಅವನು ಕೈಮುಗಿದ. "ನಿಮ್ಮನ್ನ ಒಮ್ಮೆ ನೋಡ್ಬೇಕು ಅಂತ ಭಾಳ ಅನ್ಕೊಂಡಿದ್ದೆ ರಿ. ಅವತ್ತು ನಿಮ್ಮ ದವಾಖಾನ್ಯಾಗ ಎಲ್ಲಾರೂ ಕಂಪ್ಯೂಟರ್ ನೋಡ್ಕೋತ ಮಾತಾಡ್ತಿದ್ರು. ನಮ್ಮ ಮಾರಿ ಸೈತ ಯಾರೂ ನೋಡ್ಲಿಲ್ಲ. ನೀವೊಬ್ಬರ ನೋಡ್ರಿ, ನಮ್ಮಾಕಿ ಏನಂದ್ಳೋ ಅದನ್ನ ಅಂದಂಗ ಬರಕೊಂಡ್ರಿ. ಮತ್ತ ಓದಿ ಹೇಳಿದ್ರಿ. ಮನಿಗೆ ಬಂದು ಆಕಿ ಅದನ್ನ ನೆನಸ್ತಿದ್ಳು ರಿ, ಆ ಅಕ್ಕ ನನ್ನ ಮಾತು ಕೇಳಿ ಬರಕೊಂಡ್ಳು ಅಂತ. ಕಂಪನಿಯವ್ರು ಒಪ್ಪಲಿಲ್ಲಂತ, ಸಾಹೇಬ್ರು ಹೇಳಿದ್ರು. ಅದು ನಮ್ಮ ನಸೀಬು. ನಿಮ್ಮ ಉಪಕಾರ ಮರಿಯಂಗಿಲ್ರಿ."

ಸಾರ್ ಅವನಿಗೆ ಅಷ್ಟೇ ಹೇಳಿದ್ದರು. ಕಂಪನಿಯವರು ಒಪ್ಪಲಿಲ್ಲ ಅಂತ.

ಹೇಳಬೇಕಿತ್ತು. ಆ ಸಾಲಿನಿಂದಲೇ ಫಾರಂ ಬಿದ್ದುಹೋಯಿತು, ಅದನ್ನು ಬರೆದ ಕೈ ಇದೇ, ಬೇಕಂತಲೇ ಬರೆದೆ ಅಂತ ಅವನ ಮುಂದೆ ನಿಂತು ಹೇಳಬೇಕಿತ್ತು. ಬಾಯಿ ತೆರೆದೆ. "ಊಟ ಆಯ್ತಾ?" ಅಂದೆ. "ಎಲ್ಲಾರ್ದೂ ಆಗ್ಲಿ ರಿ, ಆಮ್ಯಾಲ ಮಾಡ್ತೀನಿ" ಅಂದು ಕೊಡ ಎತ್ತಿಕೊಂಡು ಹೋದ.

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರ್ತೀನಿ ಅಂತ ಯಾರಿಗೂ ಹೇಳಬಾರದು ಅನ್ನುವುದು ನಮ್ಮಲ್ಲಿ ಪದ್ಧತಿ. ನಾನೂ ಚಪ್ಪಲಿ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಬಂದ್ಬಿಟ್ಟೆ.